ನಾಯಕನ ಬಾಲ್ಯ ಕಟ್ಟಿಕೊಂಡು ಓದುಗರಿಗೇನು?

ನಾಯಕ ಬಂಡೆಯ ಅಂಚಿಗೆ ಜೋತುಬಿದ್ದಿದ್ದಾನೆ. ಹಗ್ಗದ ಎಳೆಗಳು ಒಂದೊಂದಾಗಿ ಹರಿಯುತ್ತಿವೆ. ಪುಟ ತಿರುಗಿಸಿದರೆ ‘ಇಪ್ಪತ್ತು ವರ್ಷಗಳ ಹಿಂದೆ’. ಅಲ್ಲೊಬ್ಬ ಹುಡುಗ, ಕುಡುಕ ಅಪ್ಪ, ಹೊರಗೆ ಜಡಿಮಳೆ. ಸಾಹಸಕಥೆಗಳಲ್ಲಿ, ಸಿನಿಮಾ ಮತ್ತು ವೆಬ್ ಸರಣಿಗಳಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ ನಾವು? ಇದರಿಂದ ಪಾತ್ರಕ್ಕೆ ಆಳ ಬರುತ್ತದಂತೆ. ಬರುವುದು ಆಳವಲ್ಲ, ಶಿಫಾರಸು ಪತ್ರ. ‘ಇವನು ನೊಂದವನು, ಏನು ಮಾಡಿದರೂ ಮನ್ನಿಸಿ’ ಎಂದು ಲೇಖಕ ನಮ್ಮ ಕೈಗೆ ಚೀಟಿ ಕೊಡುತ್ತಾನೆ.

1883ರಲ್ಲಿ ಪುಸ್ತಕವಾಗಿ ಬಂದ ಸ್ಟೀವನ್‌ಸನ್‌ನ ‘ಟ್ರೆಷರ್ ಐಲೆಂಡ್’ ನೆನಪಿಸಿಕೊಳ್ಳಿ. ಒಂಟಿಕಾಲಿನ ಅಡುಗೆಯವ ಲಾಂಗ್ ಜಾನ್ ಸಿಲ್ವರ್‌ನ ಬಾಲ್ಯದ ದೃಶ್ಯ ಅಲ್ಲಿ ಒಂದೂ ಇಲ್ಲ. ಅವನ ಹಿಂದಿನ ಬದುಕು ನಮಗೆ ಸಿಗುವುದು ಸೇಬಿನ ಪೀಪಾಯಿಯಲ್ಲಿ ಅಡಗಿ ಕೂತ ಹುಡುಗ ಜಿಮ್‌ನ ಕಿವಿಗೆ ಬಿದ್ದಷ್ಟು, ಬೇರೆಯವರ ಬಾಯಿಂದ ಜಾರಿದಷ್ಟು. ಹಾಗಾಗಿ ಸಿಲ್ವರ್ ನಕ್ಕಾಗಲೆಲ್ಲ ನಂಬುವುದೋ ಬಿಡುವುದೋ ಎಂದು ನಾವೇ ತೀರ್ಮಾನಿಸಬೇಕು. ಅವನಿಗೊಂದು ದುಃಖದ ಬಾಲ್ಯ ಬರೆದುಕೊಡಿ, ಆ ತಳಮಳ ಅಲ್ಲಿಗೇ ಸತ್ತುಹೋಗುತ್ತದೆ.

‘ಹೋಮರನೂ ಹಿಂದಕ್ಕೆ ಹೋಗಿದ್ದಾನಲ್ಲ’ ಎನ್ನುವವರಿದ್ದಾರೆ. ಹೌದು, ಹೋಗಿದ್ದಾನೆ. ‘ಒಡಿಸ್ಸಿ’ಯ 24 ಭಾಗಗಳಲ್ಲಿ 9ರಿಂದ 12ರವರೆಗೆ ಒಡಿಸ್ಯೂಸ್ ತನ್ನ ಹಿಂದಿನ ಅಲೆದಾಟವನ್ನೇ ಹೇಳುತ್ತಾನೆ. ಆದರೆ ಯಾರಿಗೆ? ಅವನು ಊರು ಸೇರಬೇಕಾದ ಹಡಗು ಯಾರ ಕೈಯಲ್ಲಿದೆಯೋ ಅವರಿಗೆ. ನಡುವೆ ಕಥೆ ನಿಲ್ಲಿಸಿದರೆ ರಾಣಿ ಅರೇಟೆ ಇವನಿಗೆ ಉಡುಗೊರೆ ಕಡಿಮೆ ಮಾಡಬೇಡಿ ಎನ್ನುತ್ತಾಳೆ. ಹೇಳುತ್ತಿರುವವನು ಎದುರಿಗೇ ಕೂತಿರುವುದರಿಂದ ಅವನು ಬದುಕುಳಿದದ್ದು ನಮಗೆ ಗೊತ್ತು. ಆದರೂ ಬೇಸರವಾಗುವುದಿಲ್ಲ, ಏಕೆಂದರೆ ನಮ್ಮ ಪ್ರಶ್ನೆಯೇ ಬದಲಾಗಿದೆ: ಜೊತೆಗಿದ್ದವರೆಲ್ಲ ಸತ್ತು ಇವನೊಬ್ಬನೇ ಉಳಿದದ್ದು ಹೇಗೆ? ಹೇಳುವವನೂ ಅವನೇ ಆದ್ದರಿಂದ ಅವನ ಮಾತಿನ ಮೇಲೊಂದು ಸಣ್ಣ ಅನುಮಾನವೂ ಉಳಿಯುತ್ತದೆ. ಇಲ್ಲಿ ಹಿಂದಿನ ಕಥೆ ಈಗಿನ ಕಥೆಯನ್ನು ನಿಲ್ಲಿಸಿಲ್ಲ, ಮುಂದಕ್ಕೆ ನೂಕಿದೆ.

ಅಷ್ಟು ದೂರ ಏಕೆ ಹೋಗಬೇಕು? ಬಾಣನ ‘ಕಾದಂಬರಿ’ಯನ್ನು ನಾಗವರ್ಮ ಸುಮಾರು ಸಾವಿರ ವರ್ಷದ ಹಿಂದೆಯೇ ಕನ್ನಡಕ್ಕೆ ತಂದ. ಶೂದ್ರಕ ರಾಜನ ಸಭೆಯಲ್ಲಿ ಒಂದು ಗಿಳಿ ಕಥೆ ಹೇಳುತ್ತದೆ, ಆ ಕಥೆಯೊಳಗೆ ಜಾಬಾಲಿ ಮುನಿ ಹೇಳುತ್ತಾನೆ, ಅದರೊಳಗೆ ಮಹಾಶ್ವೇತೆ ತನ್ನ ಕಥೆ ಹೇಳಿಕೊಳ್ಳುತ್ತಾಳೆ. ಕೊನೆಗೆ ನೋಡಿದರೆ ಆ ಕಥೆಯ ಚಂದ್ರಾಪೀಡ ಬೇರೆ ಯಾರೂ ಅಲ್ಲ, ಸಿಂಹಾಸನದಲ್ಲಿ ಕೂತು ಕೇಳುತ್ತಿದ್ದ ರಾಜನೇ! ಹಿಂದಿನದು ಕೇಳುವವನನ್ನೇ ಹಿಡಿದು ಅಲ್ಲಾಡಿಸಿತು. ಫ್ಲ್ಯಾಶ್‌ಬ್ಯಾಕ್‌ಗೆ ಇರಬೇಕಾದ ತಾಕತ್ತು ಇದು.

ಆದ್ದರಿಂದ ನನ್ನ ಜಗಳ ಫ್ಲ್ಯಾಶ್‌ಬ್ಯಾಕ್‌ನ ಜೊತೆಗಲ್ಲ, ಓದುಗರನ್ನು ನಂಬದ ಲೇಖಕರ ಜೊತೆಗೆ. ಹಿಂದಿನ ಕಥೆಯನ್ನು ಕಥೆಯೊಳಗಿನ ಯಾರೋ ಒಬ್ಬರು, ಇನ್ನೊಬ್ಬರಿಗೆ, ಏನೋ ಬೇಕಾಗಿ ಹೇಳುತ್ತಿದ್ದರೆ ಹೇಳಲಿ. ಕೇಳಿದ ಮೇಲೆ ಏನಾದರೂ ಬದಲಾಗಲಿ. ಮುಂದಿನ ಸಲ ‘ಇಪ್ಪತ್ತು ವರ್ಷಗಳ ಹಿಂದೆ’ ಎದುರಾದಾಗ ಆ ಪುಟಗಳನ್ನು ಹಾರಿಸಿ ಓದಿ ನೋಡಿ. ಏನೂ ತಪ್ಪಿಹೋದಂತೆ ಅನಿಸದಿದ್ದರೆ, ಅಷ್ಟು ಹೊತ್ತು ಆ ಬಡಪಾಯಿಯನ್ನು ಬಂಡೆಗೆ ನೇತುಹಾಕಿದ್ದು ಸುಮ್ಮನೆ.