ಕೊತ್ತಿ ಬಾಲ ಹಿಡಿದು ಎಳೆಯಬೇಡಿ



ಬೆಕ್ಕಿನ ಮೇಲೆ ಪ್ರಬಂಧ ಬರೆಯದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಬೆಕ್ಕು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕಣ್ಣು, ಒಂದು ಬಾಲ ಇದೆ, ಅದು ಹಾಲು ಕುಡಿಯುತ್ತದೆ, ಇಲಿ ಹಿಡಿಯುತ್ತದೆ. ಮುಗೀತು, ಐದಕ್ಕೆ ಮೂರು ಅಂಕ. ಬಾಲದ ಬಗ್ಗೆ ಒಂದೇ ಮಾತು, ‘ಇದೆ’ ಅಂತ. ಈ ಸಲ ಅದರ ಬಗ್ಗೆಯೇ ಒಂದು ಹಾಳೆ ಬರೆಯೋಣ ಅನ್ನಿಸಿದ್ದು ನಮ್ಮ ಬಿಸಿಯೂಟದ ಕೋಣೆಯ ಬೂದು ಕೊತ್ತಿಯಿಂದ.

ಅದನ್ನು ನೀವೆಲ್ಲ ನೋಡಿದ್ದೀರಿ. ಬೆಳಗ್ಗೆ ಹಾಲು ಕಾಸುವ ಹೊತ್ತಿಗೆ ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಬರುತ್ತಿತ್ತು. ಹೋದ ತಿಂಗಳು ಒಂದು ಶನಿವಾರ ಕೆಲವರು ಅದರ ಬಾಲ ಹಿಡಿದು ಎತ್ತಿ ಗಿರಗಿರ ತಿರುಗಿಸಿದರು. ಯಾರು ಅಂತ ಬರೆಯಲ್ಲ. ಬರೆದರೆ ಮೂರನೇ ತರಗತಿಯಲ್ಲಿದ್ದಾಗ ನಾನೂ ಅದೇ ಆಟ ಆಡಿದ್ದೆ ಅಂತಲೂ ಬರೆಯಬೇಕಾಗುತ್ತೆ. ಸೋಮವಾರ ಬಂದು ನೋಡಿದರೆ ಬಾಲ ಒದ್ದೆ ಹಗ್ಗದ ಹಾಗೆ ನೆಲಕ್ಕೆ ಎಳೆದಾಡುತ್ತಿತ್ತು. ಹಿಂಗಾಲಿನ ಕೂದಲೆಲ್ಲ ಒದ್ದೆ, ಕೆಟ್ಟ ವಾಸನೆ. “ಬಾಲ ತಾನೇ ಬಿಡೋ, ಬಾಲ ಇಲ್ದೆ ಬದುಕಲ್ವಾ?” ಅಂತ ಒಬ್ಬ ಅಂದ. ಅವನಿಗೆ ಆಗ ಉತ್ತರ ಕೊಡಲು ನನಗೆ ಗೊತ್ತಾಗಲಿಲ್ಲ. ಈಗ ಕೊಡುತ್ತೇನೆ.

ಬಾಲ ಅಂದರೆ ಬರೀ ಕೂದಲಿನ ಕುಚ್ಚಲ್ಲ. ಅದು ಬೆನ್ನುಮೂಳೆಯೇ ಹಿಂದಕ್ಕೆ ಬೆಳೆದದ್ದು. ಬೆಕ್ಕಿಗೆ ಕತ್ತಿನಲ್ಲಿ 7 ಮಣಿ, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7, ಅದರ ಹಿಂದೆ ಬೆಸೆದುಕೊಂಡ 3. ಆಮೇಲೆ ಬಾಲದಲ್ಲಿ ಸುಮಾರು 20. ಕೆಲವಕ್ಕೆ 18, ಕೆಲವಕ್ಕೆ 23. ಬುಡದವು ದಪ್ಪ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ ಕಡ್ಡಿ ಚೂರಿನ ಹಾಗೆ. ನಮಗೂ ಬಾಲದ ಮೂಳೆ ಇದೆ, ನಾಲ್ಕೈದು ಮಣಿ ಕೂಡಿಕೊಂಡು ಒಳಗೇ ಉಳಿದಿದೆ ಅಷ್ಟೆ. ಅಂಗಳದಲ್ಲಿ ಜಾರಿ ಕುಕ್ಕರಿಸಿ ಬಿದ್ದವರಿಗೆ ಅದು ಎಲ್ಲಿದೆ ಅಂತ ಚೆನ್ನಾಗಿ ಗೊತ್ತು.

ನಮ್ಮ ಮನೆ ಕೊತ್ತಿ ಒಲೆ ಪಕ್ಕ ಮಲಗಿದ್ದಾಗ ಟೇಪಿನಲ್ಲಿ ಅಳೆದೆ, 27 ಸೆಂ.ಮೀ. ಬಂತು. ಮನೆ ಬೆಕ್ಕಿಗೆ ಸಾಧಾರಣವಾಗಿ 25ರಿಂದ 30. ಚಿರತೆಗೆ 60ರಿಂದ 100 ಸೆಂ.ಮೀ. ಕಬ್ಬಿನ ಗದ್ದೆಯಲ್ಲಿ ಸೇರಿಕೊಳ್ಳುವ ಕಾಡುಬೆಕ್ಕು ಮೈಯಲ್ಲಿ ಮನೆ ಬೆಕ್ಕಿಗಿಂತ ದೊಡ್ಡದು, ಬಾಲ ಮಾತ್ರ ಮೈಗೆ ಹೋಲಿಸಿದರೆ ಗಿಡ್ಡ, ತುದಿಯ ಕಡೆ ಕಪ್ಪು ಬಳೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಕಬ್ಬು ಕಡಿಯುವಾಗ ಚಿರತೆ ಬಂತು ಅಂತ ಗುಲ್ಲೆದ್ದರೆ ಮೊದಲು ಬಾಲ ನೋಡಬೇಕು. ದೂರದಿಂದ!

ಇನ್ನು ಮುಖ್ಯ ವಿಷಯ. ಬೆನ್ನುಹುರಿ ಬಾಲದ ತುದಿ ತನಕ ಹೋಗುವುದಿಲ್ಲ. ಸೊಂಟದ ಹಿಂದೆಯೇ ಮುಗಿದು, ಅಲ್ಲಿಂದ ನರಗಳು ಗೊಂಚಲಾಗಿ ಇಳಿಯುತ್ತವೆ. ವೈದ್ಯರು ಆ ಗೊಂಚಲಿಗೆ ‘ಕುದುರೆ ಬಾಲ’ ಅಂತ ಅರ್ಥ ಬರುವ ಲ್ಯಾಟಿನ್ ಹೆಸರನ್ನೇ ಇಟ್ಟಿದ್ದಾರೆ. ಬಾಲಕ್ಕೆ ಹೋಗುವ ನರ, ಮೂತ್ರಕೋಶಕ್ಕೆ ಹೋಗುವ ನರ, ಮಲ ತಡೆದು ಹಿಡಿಯುವ ಸ್ನಾಯುವಿನ ನರ, ಎಲ್ಲ ಆ ಗೊಂಚಲಿನವೇ. ಕಡಲೆಕಾಯಿ ಗಿಡ ಜಗ್ಗಿದರೆ ಕಾಯಿ ಮಣ್ಣೊಳಗೇ ಹರಿದು ಉಳಿಯೋದಿಲ್ಲವೇ, ಹಾಗೆ ಬಾಲ ಜಗ್ಗಿದರೆ ಹರಿಯೋದು ಹೊರಗೆ ಅಲ್ಲ, ಒಳಗೆ ಬುಡದಲ್ಲಿ. ಮಣಿ ಜಾರುತ್ತೆ, ನರ ಎಳೆದುಹೋಗುತ್ತೆ. ಬೈಕಿನ ಚಕ್ರ ಬಾಲದ ಮೇಲೆ ಹತ್ತಿದರೂ, ಬಾಗಿಲ ಸಂದಿಗೆ ಸಿಕ್ಕಿದರೂ ಇದೇ ಗತಿ. ಆಮೇಲೆ ಬಾಲ ಎತ್ತಲಿಕ್ಕೂ ಆಗಲ್ಲ, ಉಚ್ಚೆ ಹೊಯ್ಯಲಿಕ್ಕೂ ಆಗಲ್ಲ. ಮೂತ್ರಕೋಶ ತುಂಬಿ ಹನಿಹನಿಯಾಗಿ ಸೋರುತ್ತೆ. ನಾವು ‘ಗಲೀಜು ಕೊತ್ತಿ’ ಅಂತ ಪೊರಕೆ ತಗೊಂಡು ಓಡಿಸಿದ್ದು ಅದಕ್ಕೆ.

ಬಾಲದ ಬುಡ ಚಿವುಟಿದಾಗ ಅದಕ್ಕೆ ನೋವು ಗೊತ್ತಾದರೆ ಆಸೆ ಇಟ್ಟುಕೊಳ್ಳಬಹುದು, ಕೆಲವು ವಾರಗಳಲ್ಲಿ ಸರಿಹೋಗುವುದುಂಟು. ಅಲ್ಲಿವರೆಗೆ ದಿನಾ ಕೈಯಿಂದ ಮೆಲ್ಲಗೆ ಹೊಟ್ಟೆ ಒತ್ತಿ ಮೂತ್ರ ತೆಗೆಸಬೇಕು. ತಿಂಗಳಾದರೂ ತಾನಾಗಿ ಹೊಯ್ಯದಿದ್ದರೆ ಕಷ್ಟ. ಎಮ್ಮೆಗೆ ಜ್ವರ ಬಂದರೆ ರಾತ್ರೋರಾತ್ರಿ ಡಾಕ್ಟರ ಮನೆ ಬಾಗಿಲು ತಟ್ಟುವ ನಾವು ಕೊತ್ತಿಗೆ ಅಂತ ತಟ್ಟುವುದಿಲ್ಲ. ಹಾಸನದಲ್ಲಿ 2007ರಿಂದ ಪಶುವೈದ್ಯಕೀಯ ಕಾಲೇಜೇ ಇದೆ. ಆದರೆ ಅರಕಲಗೂಡಿನಿಂದ ಕೊತ್ತಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ ಹತ್ತಿದರೆ ಜನ ನಗುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಅಂತ ಬರೆದರು. 50 ರೂಪಾಯಿಗೆ ಈಗ ಒಂದು ನೋಟ್‌ಬುಕ್ಕು ಬರುತ್ತೆ. ಅದಕ್ಕೇ ನಾನು ಕಾಯಿದೆ ಹೆಸರು ಹೇಳಿ ಯಾರನ್ನೂ ಹೆದರಿಸಲ್ಲ.

ಬಾಲ ಇರೋದಕ್ಕೇ ಬೆಕ್ಕು ಮೇಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತೆ ಅಂತ ಕೆಲವರು ಹೇಳ್ತಾರೆ. ಅದು ಪೂರ್ತಿ ನಿಜವಲ್ಲ. 1894ರಲ್ಲಿ ಪ್ಯಾರಿಸ್ಸಿನಲ್ಲಿ ಮಾರೇ ಎಂಬ ವಿಜ್ಞಾನಿ ಬೀಳುವ ಬೆಕ್ಕಿನ ಫೋಟೋಗಳನ್ನು ಒಂದರ ಹಿಂದೆ ಒಂದು ತೆಗೆದು, ಅದು ಮೈಯ ಮುಂಭಾಗ ಹಿಂಭಾಗ ಬೇರೆಬೇರೆಯಾಗಿ ತಿರುಚಿ ಸರಿಯಾಗುವುದನ್ನು ತೋರಿಸಿದ. ಬಾಲ ಇಲ್ಲದ ಬೆಕ್ಕೂ ಹಾಗೆ ತಿರುಗುತ್ತೆ. ಬಾಲ ಬೇಕಾಗೋದು ಇಕ್ಕಟ್ಟಿನ ಜಾಗದಲ್ಲಿ. ಕೊಬ್ಬರಿ ಅಟ್ಟದ ತೊಲೆ ಮೇಲೆ ಇಲಿ ಹಿಂದೆ ಓಡುವಾಗ ಮೈ ಒಂದು ಕಡೆ ವಾಲಿದರೆ ಬಾಲ ಇನ್ನೊಂದು ಕಡೆ ಹೋಗುತ್ತೆ.

ಮಾತಾಡುವುದೂ ಅದರಲ್ಲೇ. ನಾಯಿ ಬಾಲ ಅಲ್ಲಾಡಿಸಿದರೆ ಖುಷಿ. ಬೆಕ್ಕು ಬಾಲ ಪಟಪಟ ಬಡಿದರೆ ‘ಸಾಕು ಬಿಡು’ ಅಂತ ಅರ್ಥ. ಇದು ತಿಳಿಯದೆ ಇನ್ನೂ ಮುದ್ದು ಮಾಡಲು ಹೋದವರ ಕೈ ನೋಡಿದ್ದೇನೆ. (ಪರಚಿದರೂ ಕಚ್ಚಿದರೂ ಹದಿನೈದು ನಿಮಿಷ ಸೋಪು ಹಾಕಿ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಹೋಗಿ, ಅರಿಶಿನ ಹಚ್ಚಿ ಸುಮ್ಮನಾಗಬೇಡಿ.) ಬಾಲ ಉಬ್ಬಿ ಬಾಟಲಿ ತೊಳೆಯುವ ಬ್ರಷ್ಷಿನಂತಾದರೆ ಭಯ. ನೆಟ್ಟಗೆ ಎತ್ತಿ ಬಂದರೆ ‘ನಿನ್ನ ಜೊತೆ ಜಗಳ ಇಲ್ಲ’ ಅಂತ. 1997ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕಿಯೊಬ್ಬರು ಬೆಕ್ಕಿನ ಕಪ್ಪು ಆಕಾರಗಳನ್ನು ಮಾಡಿ ಗೋಡೆ ಹತ್ತಿರ ಇಟ್ಟರು. ಬಾಲ ಎತ್ತಿದ ಆಕಾರ ಕಂಡ ಬೆಕ್ಕುಗಳು ತಾವೂ ಬಾಲ ಎತ್ತಿಕೊಂಡು ಹತ್ತಿರ ಬಂದವು. ನಮ್ಮೂರಲ್ಲಿ ಬೆಕ್ಕು ಎಡದಿಂದ ಅಡ್ಡ ಬಂತೋ ಬಲದಿಂದಲೋ ಅಂತ ನೋಡ್ತಾರೆ, ಬಾಲ ಯಾರೂ ನೋಡಲ್ಲ.

ಬೂದು ಕೊತ್ತಿಯ ವಿಷಯ. ಪಶುವೈದ್ಯರು ತೋರಿಸಿಕೊಟ್ಟ ಹಾಗೆ ಅಡುಗೆ ಅಕ್ಕ ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಸ್ತಾರೆ. ಇವತ್ತಿಗೆ ಹದಿನೇಳು ದಿನ. ಬಾಲದ ಬುಡ ಮುಟ್ಟಿದರೆ ತಿರುಗಿ ನೋಡುತ್ತೆ ಅಂತ ನಿನ್ನೆ ಹೇಳಿದರು. ಭಾನುವಾರ ಅಕ್ಕ ಬರಲ್ಲ. ಆ ದಿನ ಮನೆಗೆ ಕರೆದುಕೊಂಡು ಹೋಗಿ ನೋಡಿಕೊಳ್ಳಲು ಇಬ್ಬರು ಬೇಕು, ಹೇಗೆ ಒತ್ತಬೇಕು ಅಂತ ಅಕ್ಕ ಹೇಳಿಕೊಡ್ತಾರೆ. ತಿರುಗಿಸಿದವರೇ ಬಂದರೂ ನಾನು ಯಾರ ಹತ್ತಿರವೂ ಬಾಯಿ ಬಿಡಲ್ಲ. ಶುಕ್ರವಾರದೊಳಗೆ ಅಕ್ಕನಿಗೆ ತಿಳಿಸಿ.

– ಎಂಟನೇ ತರಗತಿ