ಮೀನಿನಲ್ಲಿ ಎರಡು ಕುಲ

ಎಲುಬಿಲ್ಲದ ಮೀನುಂಟೇ? ಹಾನಗಲ್ಲಿನ ಆನಿಕೆರೆಯ ದಂಡೆಯಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಜನ ನಕ್ಕಾರು. ವರದಾ ನದಿಯ ಮೀನುಗಳಾಗಲಿ, ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲಗಳಾಗಲಿ ಎಲ್ಲವೂ ಗಟ್ಟಿ ಎಲುಬಿನವೇ. ಆದರೆ ಶಿರಸಿಯ ಹಾದಿ ಹಿಡಿದು, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಕಡಲನ್ನು ಸೇರಿದರೆ ಅದೇ ಪ್ರಶ್ನೆಗೆ ಬೇರೆ ಉತ್ತರ ದೊರೆಯುತ್ತದೆ. ಅಲ್ಲಿ ಬಲೆಗೆ ಬೀಳುವ ಶಾರ್ಕ್ ಹಾಗೂ ತೊರಕೆ ಮೀನುಗಳ ಮೈಯಲ್ಲಿ ಎಲುಬಿಲ್ಲ. ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯೇ ಅವುಗಳ ಹಂದರ.

ಮೀನನ್ನು ಕೊಯ್ಯದೆಯೇ ಈ ಭೇದವನ್ನು ಕಂಡುಕೊಳ್ಳಬಹುದು. ಮೊದಲು ಕಿವಿರನ್ನು ನೋಡಿರಿ. ರೋಹುವಿನ ಕೆನ್ನೆಯ ಎರಡೂ ಬದಿಗೆ ಒಂದೊಂದು ಮುಚ್ಚಳವಿರುತ್ತದೆ. ಅದನ್ನೆತ್ತಿದರೆ ಕೆಂಪು ಕಿವಿರು. ಶಾರ್ಕಿಗೆ ಮುಚ್ಚಳವಿಲ್ಲ, ಕತ್ತಿನ ಪ್ರತಿ ಬದಿಯಲ್ಲೂ ಐದರಿಂದ ಏಳು ಸೀಳುಗಳು ತೆರೆದೇ ಇರುತ್ತವೆ. ಚಪ್ಪಟೆ ಮೈಯ ತೊರಕೆಯಲ್ಲಿ ಈ ಸೀಳುಗಳು ಅಡಿಭಾಗದಲ್ಲಿರುತ್ತವೆ. ಎರಡನೆಯದಾಗಿ ಚರ್ಮ. ರೋಹುವಿನ ಹುರುಪೆಗಳು ಮಂಗಳೂರು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಶಾರ್ಕಿನ ಮೈಯನ್ನು ಬಾಲದಿಂದ ತಲೆಯತ್ತ ಸವರಿದರೆ ಮರಳು ಕಾಗದದಂತೆ ಒರಟು. ಹಿಂದೆ ಅದರ ಚರ್ಮದಿಂದ ಮರವನ್ನು ಉಜ್ಜಿ ನುಣುಪು ಮಾಡುತ್ತಿದ್ದುದುಂಟು.

ಹುರುಪೆಯಿಲ್ಲವೆಂದ ಮಾತ್ರಕ್ಕೆ ಎಲುಬಿಲ್ಲವೆಂದು ತೀರ್ಮಾನಿಸಬಾರದು. ಗದ್ದೆ, ಹೊಂಡಗಳ ಮುರುಗೋಡು ಮೀನಿಗೆ ಹುರುಪೆಯಿಲ್ಲ, ಆದರೆ ಎಲುಬುಂಟು, ಕಿವಿರಿನ ಮುಚ್ಚಳವೂ ಉಂಟು. ಒಳಗೂ ಒಂದು ವ್ಯತ್ಯಾಸವಿದೆ. ಎಲುಬಿನ ಮೀನುಗಳಲ್ಲಿ ಹೆಚ್ಚಿನವು ಹೊಟ್ಟೆಯೊಳಗಿನ ಗಾಳಿಚೀಲದ ಬಲದಿಂದ ನೀರಿನಲ್ಲಿ ತೇಲುತ್ತವೆ. ಶಾರ್ಕಿಗೆ ಆ ಚೀಲವಿಲ್ಲ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವೇ ಅದರ ಮೈಯನ್ನು ಹಗುರಗೊಳಿಸುತ್ತದೆ.

ಇದು ಮಕ್ಕಳ ಪರೀಕ್ಷೆಗಷ್ಟೇ ಬೇಕಾದ ವಿಷಯವಲ್ಲ. ಎರಡು ವರ್ಷಕ್ಕೆಲ್ಲ ಪ್ರಾಯಕ್ಕೆ ಬರುವ ರೋಹು ಒಂದು ಮಳೆಗಾಲದಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಅನೇಕ ಶಾರ್ಕ್, ತೊರಕೆಗಳು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಬಂದ ಮೇಲೂ ಹೆರುವುದು ಕೆಲವೇ ಮರಿಗಳನ್ನು. ಕೆರೆ ಬರಿದಾದರೆ ಮರಿ ಬಿಟ್ಟು ಮತ್ತೆ ತುಂಬಿಸಬಹುದು. ಕಡಲಿನ ಈ ಕುಲ ಬರಿದಾದರೆ ತುಂಬಿಸುವವರು ಯಾರು? ಎಲುಬಿನ ಮೀನುಗಳಲ್ಲಿ ಸುಮಾರು 30,000 ಜಾತಿಗಳಿದ್ದರೆ ಮೃದ್ವಸ್ಥಿಯವುಗಳಲ್ಲಿ ಇರುವುದು ಸುಮಾರು 1,200 ಮಾತ್ರ. ಇವುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜಾತಿಗಳು ಅಳಿವಿನ ಅಂಚಿನತ್ತ ಸಾಗಿವೆಯೆಂದು 2021ರ ಜಾಗತಿಕ ಸಮೀಕ್ಷೆ ತಿಳಿಸಿತು. ಭಾರತ ಸರಕಾರವು 2001ರಲ್ಲಿ ತಿಮಿಂಗಿಲ ಶಾರ್ಕ್ ಮತ್ತು ಗರಗಸ ಮೀನುಗಳನ್ನು ಹಿಡಿಯುವುದನ್ನು ನಿಷೇಧಿಸಿತು.

ಆದಕಾರಣ ವಾಚಕರು ಮುಂದಿನ ರಜೆಗೆ ಕುಮಟೆಗೋ ಕಾರವಾರಕ್ಕೋ ಹೋದಾಗ ಮಕ್ಕಳನ್ನು ಮೀನುಪೇಟೆಗೂ ಕರೆದೊಯ್ಯಲಿ. ಬುಟ್ಟಿಯಲ್ಲಿರುವ ಮೀನುಗಳ ಕಿವಿರನ್ನು ತೋರಿಸಿ, ಇದು ಯಾವ ಕುಲವೆಂದು ಕೇಳಲಿ. ಸೀಳುಗಳನ್ನು ಎಣಿಸಬಲ್ಲ ಮಗುವಿಗೆ ಉತ್ತರ ಕಷ್ಟವಾಗದು.