ಗಂಡಸಾಗಿರುವುದು ಪಕ್ಷಪಾತವಲ್ಲವೇ?

ಹೆಣ್ಣಿಗೆ ಆದ ಅನ್ಯಾಯದ ವಿಚಾರಣೆಗೆ ಹೆಣ್ಣೊಬ್ಬಳು ನ್ಯಾಯಾಧೀಶೆಯಾಗಿ ಕೂತರೆ ಕೆಲವರಿಗೆ ತಕ್ಷಣ ಅನುಮಾನ ಹುಟ್ಟುತ್ತದೆ. 'ಅವಳೂ ಹೆಣ್ಣಲ್ಲವೇ, ಹೆಣ್ಣಿನ ಕಡೆಗೇ ವಾಲುತ್ತಾಳೆ' ಎನ್ನುತ್ತಾರೆ. ಅದೇ ಪೀಠದಲ್ಲಿ ಗಂಡಸು ಕೂತಾಗ 'ಅವನೂ ಗಂಡಸಲ್ಲವೇ' ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಗಂಡಸು ಹುಟ್ಟುವಾಗಲೇ ತಕ್ಕಡಿ ಹಿಡಿದುಕೊಂಡು ಬಂದವನು, ನಾವು ಮಾತ್ರ ಕಣ್ಣೀರು ಹಿಡಿದುಕೊಂಡು ಬಂದವರು ಎಂಬ ನಂಬಿಕೆ ಇದು. ಈ ನಂಬಿಕೆಗೆ ನ್ಯಾಯಪೀಠದಲ್ಲೇ ಕೂತು ಉತ್ತರ ಕೊಟ್ಟವರು ಅಮೆರಿಕದ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ. ಅವರ ವಿಷಯ ನಮ್ಮ ಹೆಣ್ಣುಮಕ್ಕಳಿಗೆ ತಿಳಿದಿರಬೇಕು.

ಮೋಟ್ಲಿ ಹುಟ್ಟಿದ್ದು 1921ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ತಂದೆತಾಯಿ ನೆವಿಸ್ ದ್ವೀಪದಿಂದ ವಲಸೆ ಬಂದ ಕಪ್ಪು ಜನ. ಹನ್ನೆರಡು ಮಕ್ಕಳಲ್ಲಿ ಈಕೆ ಒಂಬತ್ತನೆಯವರು. ತಂದೆ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘಗಳಲ್ಲಿ ಅಡುಗೆ ಮಾಡುತ್ತಿದ್ದರು. ಮಗಳನ್ನು ಕಾಲೇಜಿಗೆ ಕಳಿಸಲು ಹಣವಿರಲಿಲ್ಲ. ಊರಿನ ಸಭೆಯೊಂದರಲ್ಲಿ ಈ ಹುಡುಗಿ ನಿರ್ಭಿಡೆಯಿಂದ ಆಡಿದ ಮಾತು ಕೇಳಿ, ಕ್ಲಾರೆನ್ಸ್ ಬ್ಲೇಕ್ಸ್‌ಲೀ ಎಂಬ ಬಿಳಿಯ ಸಿರಿವಂತರು ಓದಿನ ಖರ್ಚು ವಹಿಸಿಕೊಂಡರು. 1946ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದ ಮೋಟ್ಲಿ, ತರ್ಗುಡ್ ಮಾರ್ಷಲ್ ಅವರ ಜೊತೆ ಸೇರಿ ಕಪ್ಪು ಜನರ ಹಕ್ಕುಗಳಿಗಾಗಿ ವಕೀಲಿ ನಡೆಸಿದರು. ದಕ್ಷಿಣದ ರಾಜ್ಯಗಳ ಕೋರ್ಟುಗಳಿಗೆ ಹೋದಾಗ ಅವರಿಗೆ ಸಿಕ್ಕ ಮರ್ಯಾದೆ ಎಂಥದ್ದು? ಮಿಸಿಸಿಪ್ಪಿಯ ಪತ್ರಿಕೆ ಅವರನ್ನು ಕರೆದದ್ದು 'ಆ ಮೋಟ್ಲಿ ಹೆಂಗಸು' ಎಂದು.

ಆ ಹೆಂಗಸು ಸುಪ್ರೀಂ ಕೋರ್ಟಿನಲ್ಲಿ ಹತ್ತು ಮೊಕದ್ದಮೆಗಳನ್ನು ವಾದಿಸಿದರು, ಒಂಬತ್ತನ್ನು ಗೆದ್ದರು. ಸೋತದ್ದು 1965ರಲ್ಲಿ, ಅಲಬಾಮ ರಾಜ್ಯದ ಒಂದು ಪ್ರಕರಣದಲ್ಲಿ. ಅಲ್ಲಿ ಕಪ್ಪು ಆರೋಪಿಯ ವಿಚಾರಣೆಗೆ ಕರೆಸಿದ್ದ ಕಪ್ಪು ಜನರನ್ನು ಜ್ಯೂರಿಯಿಂದ ತೆಗೆದುಹಾಕಿ, ಬಿಳಿಯರನ್ನು ಮಾತ್ರ ಕೂರಿಸಿದ್ದರು. ಬಿಳಿಯರೇ ತುಂಬಿದ ಜ್ಯೂರಿ ನಿಷ್ಪಕ್ಷಪಾತ, ಒಬ್ಬ ಕಪ್ಪು ಮನುಷ್ಯ ಸೇರಿದರೆ ಪಕ್ಷಪಾತ! ಸುಪ್ರೀಂ ಕೋರ್ಟು ತನ್ನ ಆ ನಿಲುವನ್ನು ಬದಲಿಸಿದ್ದು 1986ರಲ್ಲಿ.

1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಸೂಚಿಸಿದರು. ಸಾಕ್ಷಿಗಳನ್ನು ಕೇಳಿ ವಿಚಾರಣೆ ನಡೆಸುವ ಕೇಂದ್ರ ಸರ್ಕಾರದ ಕೋರ್ಟು ಅದು. ನೇಮಕಕ್ಕೆ ಸೆನೆಟ್ ಒಪ್ಪಬೇಕು. ಅಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದವರು ಮಿಸಿಸಿಪ್ಪಿಯ ಜೇಮ್ಸ್ ಈಸ್ಟ್‌ಲೆಂಡ್. ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕನಿಗೆ 1962ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ ವಕೀಲೆ ಇವರೇ ಎಂಬುದನ್ನು ಆತ ಮರೆಯುವುದುಂಟೇ? ಕಮ್ಯುನಿಸ್ಟ್ ಎಂಬ ಆರೋಪ ಹೊರಿಸಿ ಏಳು ತಿಂಗಳು ತಡೆದರು. ಕೊನೆಗೆ ಆಗಸ್ಟ್ 30ರಂದು ಸೆನೆಟ್ ಒಪ್ಪಿತು. ಫೆಡರಲ್ ನ್ಯಾಯಾಧೀಶರಾದ ಮೊದಲ ಕಪ್ಪು ಮಹಿಳೆ ಮೋಟ್ಲಿ.

ನಾನು ಹೇಳಬೇಕೆಂದಿರುವ ಘಟನೆ ನಡೆದದ್ದು 1975ರಲ್ಲಿ. ಸಲಿವನ್ ಅಂಡ್ ಕ್ರಾಮ್‌ವೆಲ್ ಎಂಬ ದೊಡ್ಡ ವಕೀಲರ ಸಂಸ್ಥೆ ಹೆಣ್ಣೆಂಬ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡುತ್ತದೆಂದು ದಾವೆ ಬಿತ್ತು. ಮೊಕದ್ದಮೆ ಬಂದದ್ದು ಮೋಟ್ಲಿಯವರ ಮುಂದೆ. ಈ ನ್ಯಾಯಾಧೀಶರು ಸ್ವತಃ ಹೆಣ್ಣು, ಹಿಂದೆ ಹಕ್ಕುಗಳಿಗಾಗಿ ಹೋರಾಡಿದವರು, ಆದ್ದರಿಂದ ಹಿಂದೆ ಸರಿಯಬೇಕು ಎಂದು ಸಂಸ್ಥೆಯ ವಕೀಲರು ಕೇಳಿದರು. ಮೋಟ್ಲಿ ಸರಿಯಲಿಲ್ಲ. ನ್ಯಾಯಾಧೀಶರ ಲಿಂಗ, ಬಣ್ಣ, ಹಿನ್ನೆಲೆಗಳೇ ಅವರನ್ನು ತೆಗೆಯಲು ಸಾಕಾದರೆ ಈ ಕೋರ್ಟಿನ ಯಾವ ನ್ಯಾಯಾಧೀಶರೂ ಈ ಮೊಕದ್ದಮೆ ಕೇಳುವಂತಿಲ್ಲ, ಏಕೆಂದರೆ ಎಲ್ಲರೂ ವಕೀಲರಾಗಿದ್ದವರೇ, ಎಲ್ಲರಿಗೂ ಒಂದು ಲಿಂಗ ಇದ್ದೇ ಇದೆ ಎಂಬ ಅರ್ಥದಲ್ಲಿ ಆದೇಶ ಬರೆದರು.

ಎಷ್ಟು ಸರಳವಾದ ಮಾತು! ಆದರೂ ನಮ್ಮ ಮನೆಗಳಿಗೆ ಇದಿನ್ನೂ ಬಂದು ಮುಟ್ಟಿಲ್ಲ. ಆಸ್ತಿ ಪಾಲಿನ ಮಾತಿಗೆ ಅಣ್ಣ, ಚಿಕ್ಕಪ್ಪ, ಸೋದರಮಾವ ಕೂತರೆ ಅದು ಹಿರಿಯರ ತೀರ್ಮಾನ. ಅಕ್ಕ ಬಾಯಿ ತೆರೆದರೆ 'ಅವಳಿಗೆ ಪಾಲು ಬೇಕು, ಅದಕ್ಕೇ ಮಾತಾಡುತ್ತಾಳೆ' ಎನ್ನುತ್ತಾರೆ. ಅಣ್ಣನಿಗೆ ಪಾಲು ಬೇಡವಾಗಿತ್ತೇ?

'ಹಾಗಾದರೆ ಹೆಣ್ಣು ಪಕ್ಷಪಾತ ಮಾಡುವುದೇ ಇಲ್ಲವೇ?' ಎಂದು ಕೇಳುವವರಿದ್ದಾರೆ. ಮಾಡಬಹುದು, ಗಂಡಸೂ ಮಾಡಬಹುದು. ಅದಕ್ಕೆಂದೇ ತೀರ್ಪಿಗೆ ಕಾರಣ ಬರೆಯಬೇಕು, ಅದಕ್ಕೆಂದೇ ಮೇಲಿನ ಕೋರ್ಟಿದೆ. ತೀರ್ಪು ಓದಿ ತಪ್ಪು ತೋರಿಸಿದರೆ ಅದು ವಾದ. ಹುಟ್ಟು ನೋಡಿ ಮೊದಲೇ ತಪ್ಪು ಹೊರಿಸಿದರೆ ಅದು ಅವಮಾನ.

ಅವರ ತೀರ್ಪನ್ನೇ ನೋಡೋಣ. ಬೇಸ್‌ಬಾಲ್ ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಗಂಡಸು ವರದಿಗಾರರು ಹೋಗಿ ಸಂದರ್ಶನ ಮಾಡುತ್ತಿದ್ದರು. 1977ರಲ್ಲಿ ಮೆಲಿಸ್ಸಾ ಲಡ್ಕೆ ಎಂಬ ವರದಿಗಾರ್ತಿಗೆ ಅಲ್ಲಿ ಪ್ರವೇಶ ಸಿಗಲಿಲ್ಲ. ಆಟಗಾರರ ಮಾನದ ಪ್ರಶ್ನೆ ಎಂದರು. 1978ರಲ್ಲಿ ಮೋಟ್ಲಿ ಆ ಮಾನದ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಒಂದು ಪರದೆ ಕಟ್ಟಿದರೆ, ಒಂದು ಟವೆಲ್ ಸುತ್ತಿಕೊಂಡರೆ ಮಾನ ಉಳಿಯುತ್ತದೆ, ಅದಕ್ಕಾಗಿ ಹೆಣ್ಣನ್ನು ಪೂರ್ತಿ ಹೊರಗಿಡಬೇಕಾಗಿಲ್ಲ ಎಂದರು. ಯಾಂಕಿ ಕ್ರೀಡಾಂಗಣ ನಗರದ ಸ್ವತ್ತು, ಅಲ್ಲಿ ಸಮಾನತೆಯ ಕಾನೂನು ನಡೆಯಬೇಕು ಎಂದರು. ಇದರಲ್ಲಿ ಹೆಣ್ಣಿನ ಕಣ್ಣೀರು ಎಲ್ಲಿದೆ? ಎರಡೂ ಕಡೆಯನ್ನು ತೂಗಿದ ಬುದ್ಧಿ ಮಾತ್ರ ಇದೆ.

1982ರಲ್ಲಿ ಅವರು ಅದೇ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದರು. 2005ರಲ್ಲಿ ತೀರಿಕೊಳ್ಳುವವರೆಗೂ ನ್ಯಾಯಾಧೀಶರಾಗಿಯೇ ಇದ್ದರು. ನಮಗೆ ಬೇಕಾದದ್ದು ಅವರ ಫೋಟೋಗೆ ಹಾರವಲ್ಲ, ಅವರು ಕೇಳಿದ ಪ್ರಶ್ನೆ. ಸಂಘದಲ್ಲಿ, ಶಾಲೆಯ ಸಮಿತಿಯಲ್ಲಿ, ಮನೆಯ ಪಂಚಾಯ್ತಿಯಲ್ಲಿ 'ನೀನು ಹೆಣ್ಣು, ನಿನ್ನ ಮಾತು ಒಂದೇ ಕಡೆ' ಎಂದು ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಎದ್ದು ಹೋಗಬೇಡಿ. ಕೂತಲ್ಲೇ ಕೂತು, 'ನೀವು ಯಾವ ಕಡೆಯವರು ಸ್ವಾಮಿ?' ಎಂದು ಕೇಳಿ.